ಸೊನ್ನೆ ಅಂದ್ರೆ ಖಾಲಿ ಅಲ್ಲ: ವೆದರ್ ಸ್ಟೇಷನ್ ಬ್ಯಾಟರಿ ಗುರುತು ಓದೋದು ಹೇಗೆ?

2024ರ ಜುಲೈ. ಮಲೆನಾಡಿನಲ್ಲಿ ಪುಷ್ಯ ಮಳೆ ಬಿಡದೆ ಹೊಡೀತಿತ್ತು. ನಾನು ಬೆಂಗಳೂರಿನ ಫ್ಲಾಟಿನಲ್ಲಿ ಕಾಫಿ ಲೋಟ ಹಿಡ್ಕೊಂಡು, ತೀರ್ಥಹಳ್ಳಿ ಹತ್ತಿರದ ನಮ್ಮೂರ ಮನೆಯ ವೆದರ್ ಸ್ಟೇಷನ್ ಕಳಿಸಿದ್ದ ಡೇಟಾ ನೋಡ್ತಾ ಕೂತಿದ್ದೆ. ಆ್ಯಪ್‌ನ ಚಂದದ ಪರದೆ ಅಲ್ಲ, ಅದರ ಹಿಂದೆ ಇರೋ ಕಚ್ಚಾ ಡೇಟಾ. ಸಾಫ್ಟ್‌ವೇರ್ ಎಂಜಿನಿಯರ್ ಅಲ್ವಾ, ನಮಗೆ ಚಂದದ ಪರದೆ ಸಾಲಲ್ಲ. ಉಷ್ಣಾಂಶ 21, ತೇವಾಂಶ 98, ಗಾಳಿ ಇಷ್ಟು, ಮಳೆ ಇಷ್ಟು. ಕೊನೇ ಸಾಲಲ್ಲಿ, ಹೊರಗಿನ ಸೆನ್ಸರ್ ಬ್ಯಾಟರಿ: 0.

ಸೊನ್ನೆ! ತಕ್ಷಣ ಮನೆಗೆ ಫೋನ್ ಮಾಡಿದೆ. “ಅಪ್ಪಯ್ಯ, ಹೊರಗಿನ ಸೆನ್ಸರ್ ಸೆಲ್ ಪೂರ್ತಿ ಖಾಲಿ. ಇವತ್ತೇ ಹೊಸದು ಹಾಕ್ಬಿಡಿ, ಇಲ್ಲಾಂದ್ರೆ ರಾತ್ರಿ ಮಳೆ ಲೆಕ್ಕ ತಪ್ಪಿ ಹೋಗುತ್ತೆ.”

ಅಪ್ಪಯ್ಯ ಹೋದರು. ಸೆನ್ಸರ್ ಇರೋದು ಕೊಟ್ಟಿಗೆಯ ತಾರಸಿ ಮೇಲೆ, ಕಬ್ಬಿಣದ ಕಂಬದ ತುದಿಯಲ್ಲಿ. ಜುಲೈ ತಿಂಗಳ ಮಲೆನಾಡಿನ ತಾರಸಿ ಅಂದ್ರೆ ಹಸಿರು ಪಾಚಿಯ ಹಾಸು. ಹೊಸ ಸೆಲ್ ಹಾಕಿ ಇಳಿಯೋವಾಗ ಕಾಲು ಜಾರಿತು. ಬಲಗೈ ಊರಿ ಬಿದ್ದರು. ಮಣಿಕಟ್ಟಿನ ಮೂಳೆ ಬಿರುಕು, ಆರು ವಾರ ಪ್ಲಾಸ್ಟರ್.

ಆ ವಾರ ಊರಿಗೆ ಹೋದಾಗ ಅಪ್ಪಯ್ಯ ತೆಗೆದಿಟ್ಟಿದ್ದ ಹಳೇ ಸೆಲ್‌ಗಳಿಗೆ ಮಲ್ಟಿಮೀಟರ್ ಹಿಡಿದೆ. ಎರಡೂ 1.52 ವೋಲ್ಟ್. ಹೆಚ್ಚು ಕಡಿಮೆ ಹೊಸ ಸೆಲ್‌ಗಳೇ. ಆಮೇಲೆ ಕೈಪಿಡಿ ತೆಗೆದು ಓದಿದೆ. ಆ ಸೆನ್ಸರಿನ ಮಟ್ಟಿಗೆ 0 ಅಂದ್ರೆ ‘ತೊಂದರೆ ಇಲ್ಲ’, 1 ಅಂದ್ರೆ ‘ಬ್ಯಾಟರಿ ಕಡಿಮೆ’. ಯಂತ್ರ ಸರಿಯಾಗೇ ಹೇಳಿತ್ತು. ತಪ್ಪು ಓದಿದ್ದು ನಾನು.

ಮನೆ ಮೇಲೆ, ತೋಟದಲ್ಲಿ, ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಇಂಥ ಪುಟ್ಟ ವೆದರ್ ಸ್ಟೇಷನ್ ಇಟ್ಟುಕೊಂಡವರು ಈಗ ನಮ್ಮಲ್ಲೂ ಇದ್ದಾರೆ. ಊರಲ್ಲಿರೋ ಅಪ್ಪ ಅಮ್ಮನಿಗೆ ಕೊಡಿಸಿ, ಇಲ್ಲಿ ಕೂತು ಫೋನಲ್ಲಿ ನೋಡೋರೂ ಇದ್ದೀರಿ. ನಿಮ್ಮ ಮನೆಯಲ್ಲಿ ಯಾರೂ ಏಣಿಯಿಂದ ಬೀಳದಿರಲಿ ಅಂತ ಈ ಬರಹ.

ಇರೋದು ಎರಡು ಬ್ಯಾಟರಿ

ಮೊದಲು ಒಂದು ಮೂಲ ವಿಷಯ. ವೆದರ್ ಸ್ಟೇಷನ್‌ನಲ್ಲಿ ಕನಿಷ್ಠ ಎರಡು ಭಾಗ ಇರುತ್ತೆ. ಗಾಳಿ, ಮಳೆ, ಉಷ್ಣಾಂಶ ಅಳೆಯೋ ಹೊರಗಿನ ಸೆನ್ಸರ್ ಒಂದು. ಅದು ರೇಡಿಯೋ ಮೂಲಕ ಕಳಿಸಿದ್ದನ್ನು ತೋರಿಸೋ ಒಳಗಿನ ಪರದೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಸೆಲ್.

ಪರದೆಗೆ ಸಾಮಾನ್ಯವಾಗಿ ಅಡಾಪ್ಟರ್ ಇರುತ್ತೆ. ಅದರೊಳಗಿನ ಸೆಲ್ ಕರೆಂಟ್ ಹೋದಾಗಿನ ಆಪದ್ಬಾಂಧವ. ಆದ್ರೆ ಹೊರಗಿನ ಸೆನ್ಸರಿಗೆ ಸೆಲ್ಲೇ ಗತಿ. ಪರದೆಯಲ್ಲಿ ಬ್ಯಾಟರಿ ಚಿತ್ರ ಕಂಡ ಕೂಡಲೇ ಏಣಿ ತರೋ ಮೊದಲು, ಆ ಚಿತ್ರ ಎಲ್ಲಿದೆ ಅಂತ ನೋಡಿ. ಹೊರಗಿನ ಉಷ್ಣಾಂಶದ ಪಕ್ಕದಲ್ಲಿದ್ರೆ ಸೆನ್ಸರಿನದ್ದು. ಗಡಿಯಾರದ ಹತ್ತಿರ ಅಥವಾ ಒಳಗಿನ ಉಷ್ಣಾಂಶದ ಪಕ್ಕ ಇದ್ರೆ ಬಹುತೇಕ ಪರದೆಯದ್ದೇ. ಮಾದರಿಯಿಂದ ಮಾದರಿಗೆ ಬದಲಾಗೋದರಿಂದ ಕೈಪಿಡಿಯ ಆ ಒಂದು ಪುಟದ ಫೋಟೋ ತೆಗೆದು ಫೋನಲ್ಲಿ ಇಟ್ಟುಕೊಳ್ಳಿ. ನಾನು ಈ ಕೆಲಸ ಒಂದು ವಾರ ಮೊದಲೇ ಮಾಡಿದ್ದರೆ ಅಪ್ಪಯ್ಯನ ಕೈ ಉಳೀತಿತ್ತು.

ಇದು ಫೋನ್‌ನ ಶೇಕಡಾ ಅಲ್ಲ

ನಮಗೆಲ್ಲ ಫೋನಿನ ಅಭ್ಯಾಸ. 43% ಅಂದ್ರೆ 43% ಉಳಿದಿದೆ ಅಂತ ನಂಬ್ತೀವಿ. ಫೋನಿನ ವಿಷಯದಲ್ಲಿ ಆ ನಂಬಿಕೆ ಹೆಚ್ಚೂ ಕಡಿಮೆ ಸರಿ. ಯಾಕಂದ್ರೆ ಬ್ಯಾಟರಿ ಒಳಗೆ ಎಷ್ಟು ಕರೆಂಟ್ ಹೋಯ್ತು, ಎಷ್ಟು ಹೊರಗೆ ಬಂತು ಅಂತ ಬ್ಯಾಂಕ್ ಪಾಸ್‌ಬುಕ್ ಥರ ಲೆಕ್ಕ ಇಡೋಕೆ ಫೋನಲ್ಲಿ ಒಂದು ಪ್ರತ್ಯೇಕ ಚಿಪ್ಪೇ ಇರುತ್ತೆ.

ಹೊರಗಿನ ಸೆನ್ಸರಿನಲ್ಲಿ ಇಂಥ ಪಾಸ್‌ಬುಕ್ ಇಲ್ಲ. ಅದಕ್ಕೆ ಗೊತ್ತಿರೋದು ಒಂದೇ ಸಂಗತಿ: ಈ ಕ್ಷಣದಲ್ಲಿ ಸೆಲ್‌ನ ವೋಲ್ಟೇಜ್ ಎಷ್ಟು. ತಾರಸಿ ಮೇಲಿನ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅಂತ ಹತ್ತಿ ನೋಡದೆ, ಬಚ್ಚಲಿನ ನಲ್ಲಿಯಲ್ಲಿ ನೀರು ಎಷ್ಟು ಜೋರಾಗಿ ಬರ್ತಿದೆ ಅನ್ನೋದರಿಂದ ಊಹಿಸಿದ ಹಾಗೆ. ಊಹೆ ಪೂರ್ತಿ ಸುಳ್ಳಲ್ಲ, ಆದ್ರೆ ಅಳತೆಯೂ ಅಲ್ಲ.

ಈ ಊಹೆಯನ್ನು ಯಂತ್ರಗಳು ಮೂರು ಥರ ಹೇಳುತ್ತವೆ.

ಮೊದಲನೆಯದು ಹೌದು-ಇಲ್ಲ. ವೋಲ್ಟೇಜ್ ಒಂದು ಗಡಿಗಿಂತ ಮೇಲಿದ್ರೆ ಒಂದು ಅಂಕಿ, ಕೆಳಗಿಳಿದ್ರೆ ಇನ್ನೊಂದು. ನಮ್ಮ ಮನೆಯದ್ದು ಈ ಜಾತಿ. ಇದರಲ್ಲಿ ‘ಸರಿ ಇದೆ’ ಅಂದ್ರೆ ನಿನ್ನೆ ಹಾಕಿದ ಸೆಲ್ ಇರಬಹುದು, ನಾಳಿದ್ದು ಗಡಿ ದಾಟೋ ಸೆಲ್ಲೂ ಇರಬಹುದು.

ಎರಡನೆಯದು ಗೆರೆಗಳು ಅಥವಾ 0ಯಿಂದ 5ರವರೆಗಿನ ಮಟ್ಟ. ನೋಡೋಕೆ ಫೋನಿನ ಹಾಗೇ ಕಂಡರೂ ಒಳಗೆ ಅದೇ ವೋಲ್ಟೇಜನ್ನು ನಾಲ್ಕಾರು ತುಂಡು ಮಾಡಿರ್ತಾರೆ ಅಷ್ಟೇ. ಇಲ್ಲೊಂದು ಗಮ್ಮತ್ತಿದೆ. ಈ ಜಾತಿಯಲ್ಲಿ 0 ಅಂದ್ರೆ ಖಾಲಿ, 5 ಅಂದ್ರೆ ತುಂಬಿದೆ. ಮೊದಲನೆಯ ಜಾತಿಗೆ ಪೂರ್ತಿ ಉಲ್ಟಾ. ಒಂದೇ ಮನೆಯಲ್ಲಿ, ಒಂದೇ ಆ್ಯಪ್‌ನಲ್ಲಿ ಎರಡೂ ಜಾತಿಯ ಸೆನ್ಸರ್ ಇರಬಹುದು. ಹಾಗಾಗಿ ಬರೀ ಅಂಕಿ ನೋಡಿ ತೀರ್ಮಾನ ಬೇಡ.

ಮೂರನೆಯದು ನೇರವಾಗಿ ವೋಲ್ಟ್ ತೋರಿಸೋದು: 2.94, 2.71 ಹೀಗೆ. ಇದೇ ಎಲ್ಲಕ್ಕಿಂತ ಪ್ರಾಮಾಣಿಕ. ಎರಡು ಪೆನ್ಸಿಲ್ ಸೆಲ್ ಸಾಲಾಗಿ ಹಾಕಿದ್ರೆ ಹೊಸದರಲ್ಲಿ 3 ವೋಲ್ಟ್‌ಗಿಂತ ತುಸು ಮೇಲಿರುತ್ತೆ. 2.4ರ ಆಸುಪಾಸಿಗೆ ಬಂದಾಗ ಬದಲಾಯಿಸೋ ಯೋಚನೆ ಶುರು ಮಾಡಬೇಕು. ನಿಮ್ಮ ಆ್ಯಪ್‌ನಲ್ಲಿ ವೋಲ್ಟ್ ನೋಡೋ ಆಯ್ಕೆ ಇದ್ರೆ ಶೇಕಡಾ ಬಿಟ್ಟು ಅದನ್ನೇ ನೋಡಿ.

ಟ್ಯಾಂಕು ಮತ್ತು ಸಿಲಿಂಡರು

ಇಷ್ಟು ಕಲಿತ ಮೇಲೂ ನಾನು ಮರುವರ್ಷ ಇನ್ನೊಂದು ತಪ್ಪು ಮಾಡಿದೆ.

ಪ್ಲಾಸ್ಟಿಕ್ ಕಸ ಕಡಿಮೆ ಮಾಡೋಣ, ದುಡ್ಡೂ ಉಳಿಯುತ್ತೆ ಅಂತ ಹೊರಗಿನ ಸೆನ್ಸರಿಗೆ ರೀಚಾರ್ಜ್ ಮಾಡೋ ಸೆಲ್ ಹಾಕಿಸಿದೆ. ಎರಡೇ ವಾರಕ್ಕೆ ಪರದೆಯಲ್ಲಿ ‘ಬ್ಯಾಟರಿ ಕಡಿಮೆ’ ಅಂತ ಬಂತು. ಆಗ ನಾನು ಬುದ್ಧಿವಂತನ ಥರ ಅಮ್ಮನಿಗೆ ಹೇಳಿದೆ: “ರೀಚಾರ್ಜ್ ಸೆಲ್‌ಗೆ ಹಾಗೇ ತೋರಿಸುತ್ತೆ ಅಮ್ಮ. ತಲೆ ಕೆಡಿಸ್ಕೋಬೇಡಿ.”

ಅದು ಅರ್ಧ ನಿಜ. ಸಾಮಾನ್ಯ ಆಲ್ಕಲೈನ್ ಪೆನ್ಸಿಲ್ ಸೆಲ್ 1.5 ವೋಲ್ಟಿನದ್ದು. ಬಳಸ್ತಾ ಹೋದಂತೆ ಅದರ ವೋಲ್ಟೇಜ್ 1.4, 1.3, 1.2 ಅಂತ ಇಳಿಜಾರಿನಲ್ಲಿ ಇಳಿಯುತ್ತೆ. ಟ್ಯಾಂಕ್ ಖಾಲಿಯಾಗ್ತಾ ನಲ್ಲಿ ನೀರು ನಿಧಾನ ಆದ ಹಾಗೆ. ಗೆರೆಗಳನ್ನು, ಗಡಿಗಳನ್ನು ಗೊತ್ತು ಮಾಡಿರೋದೇ ಇದನ್ನು ಮನಸ್ಸಲ್ಲಿಟ್ಟುಕೊಂಡು.

ರೀಚಾರ್ಜ್ ಮಾಡೋ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ ಕೆಲಸ ಮಾಡೋದೇ ಸುಮಾರು 1.2 ವೋಲ್ಟ್‌ನಲ್ಲಿ. ಸೆಲ್ ತುಂಬಿದ್ದಾಗಲೂ ಅಷ್ಟೇ, ಅರ್ಧ ಆದಾಗಲೂ ಅಷ್ಟೇ, ಮುಕ್ಕಾಲು ಮುಗಿದಾಗಲೂ ಹೆಚ್ಚೂ ಕಡಿಮೆ ಅಷ್ಟೇ. ಕೊನೆಗೆ ಧಡಕ್ಕನೆ ಬಿದ್ದುಹೋಗುತ್ತೆ. ಇದು ಟ್ಯಾಂಕ್ ಅಲ್ಲ, ಅಡುಗೆಮನೆಯ ಗ್ಯಾಸ್ ಸಿಲಿಂಡರ್! ಒಳಗೆ ದ್ರವ ಇರೋ ತನಕ ಉರಿ ಒಂದೇ ಸಮ. ಒಗ್ಗರಣೆ ಹಾಕೋ ಹೊತ್ತಿಗೆ ಸರಿಯಾಗಿ ಪುಸ್ ಅಂತ ಮುಗಿಯುತ್ತೆ.

ಅಂದ್ರೆ ಈ ಸೆಲ್ ಹಾಕಿದ್ರೆ ಯಂತ್ರ ಶುರುವಿನಿಂದಲೇ ‘ಕಡಿಮೆ, ಕಡಿಮೆ’ ಅಂತ ಕೂಗ್ತಿರುತ್ತೆ. ನಿಜವಾಗಿ ಕಡಿಮೆ ಆದಾಗಲೂ ಅದೇ ಕೂಗು. ‘ತೋಳ ಬಂತು ತೋಳ’ ಕಥೆ. ಆ ಕೂಗನ್ನು ಕೇಳಬೇಡಿ ಅಂತ ಮನೆಯವರಿಗೆ ಹೇಳಿಕೊಟ್ಟವನೂ ನಾನೇ.

2025ರ ಆರಿದ್ರಾ ಮಳೆಯಲ್ಲಿ ಒಂದು ರಾತ್ರಿ ಸೆನ್ಸರ್ ಸತ್ತಿತು. ಬೆಳಿಗ್ಗೆ ಫೋನ್ ನೋಡಿದೆ. ಮಳೆ 31 ಮಿಲಿಮೀಟರ್, ಗ್ರಾಫಿನ ಗೆರೆ ಎರಡು ಗಂಟೆಯಿಂದ ಚಪ್ಪಟೆ. ‘ಪರವಾಗಿಲ್ಲ, ರಾತ್ರಿ ಎರಡಕ್ಕೇ ಮಳೆ ಬಿಟ್ಟಿದೆ’ ಅಂದುಕೊಂಡೆ. ಫೋನ್ ಮಾಡಿದ್ರೆ ಅಪ್ಪಯ್ಯ ಹೇಳಿದರು, “ಎಂಥ ಬಿಡೋದು ಮಾರಾಯ, ಬೆಳಗಿನ ಜಾವ ಹೊಯ್ದಷ್ಟು ಮಳೆ ಈ ವರ್ಷ ಒಂದು ದಿನವೂ ಹೊಯ್ದಿಲ್ಲ. ಅಂಗಳದಲ್ಲಿಟ್ಟ ಬಕೆಟ್ ತುಂಬಿ ಚೆಲ್ಲಿದೆ.”

ಇದ್ಯಾಕೆ ಇಷ್ಟು ದೊಡ್ಡ ವಿಷಯ ಅಂತೀರಾ? ಅಪ್ಪಯ್ಯ 1987ರಿಂದ ಮಳೆ ಲೆಕ್ಕ ಬರೆದಿಟ್ಟವರು. ದಿನಾ ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯವರು ಅಳೆಯೋ ಹೊತ್ತಿಗೇ, ಆಲಿಕೆ ಇರೋ ಹಳೇ ಮಳೆಮಾಪಕದ ನೀರನ್ನು ಗಾಜಿನ ಕೊಳವೆಗೆ ಸುರಿದು, ಅಂಕಿ ನೋಡಿ, ಉದ್ದ ನೋಟ್‌ಬುಕ್‌ನಲ್ಲಿ ಬರೀತಿದ್ದರು. ಅಡಿಕೆಗೆ ಕೊಳೆ ಔಷಧಿ ಹೊಡೆಸೋ ದಿನ ಗೊತ್ತು ಮಾಡೋವಾಗ, ಮೊದಲ ಸಲ ಹೊಡೆದ ಬೋರ್ಡೋ ದ್ರಾವಣ ಎಷ್ಟು ಮಳೆಗೆ ತೊಳೆದಿರಬಹುದು ಅಂತ ಅಂದಾಜು ಮಾಡೋವಾಗ, ಅವರು ನೋಡೋದು ಆ ನೋಟ್‌ಬುಕ್ಕನ್ನೇ. ಕೈ ಮುರಿದ ಮೇಲೆ ಬರೆಯೋ ಕೆಲಸ ಅಮ್ಮನ ಪಾಲಿಗೆ ಬಂತು. “ಯಂತ್ರ ಇದ್ಯಲ್ಲ, ಹಳೇ ಮಾಪಕ ಯಾಕೆ, ಪರದೆ ನೋಡಿ ಬರೀರಿ” ಅಂದವನೂ ನಾನೇ. ಹಾಗಾಗಿ ಆ ರಾತ್ರಿಯ ಮಳೆಗೆ ಬೇರೆ ಸಾಕ್ಷಿ ಇರಲಿಲ್ಲ. 38 ವರ್ಷದ ನೋಟ್‌ಬುಕ್‌ನಲ್ಲಿ ಆ ದಿನದ ಮುಂದೆ ಅಮ್ಮ ಬರೆದಿದ್ದು: 31, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ.

ಯಾವ ಸೆಲ್‌ಗೆ ಯಾವ ಗುಣ?

ಆಲ್ಕಲೈನ್: ಬ್ಯಾಟರಿ ಗುರುತು ಸುಮಾರಾಗಿ ನಿಜ ಹೇಳೋದು ಇದಕ್ಕೇ. ಕೈಪಿಡಿ ಬೇರೆ ಹೇಳದಿದ್ರೆ ಇದನ್ನೇ ಹಾಕಿ.

ಒಮ್ಮೆ ಬಳಸಿ ಬಿಸಾಡೋ 1.5 ವೋಲ್ಟ್ ಲಿಥಿಯಂ: ದುಬಾರಿ, ಆದ್ರೆ ಹೆಚ್ಚು ದಿನ ಬರುತ್ತೆ, ಸೋರೋದು ಅಪರೂಪ. ಇದೂ ಸಿಲಿಂಡರ್ ಜಾತಿಯೇ, ಆದ್ರೆ ರೀಚಾರ್ಜ್ ಸೆಲ್‌ಗೆ ತದ್ವಿರುದ್ಧ. ಕೊನೇವರೆಗೂ ‘ಫುಲ್’ ಅಂತ ತೋರಿಸಿ ಒಮ್ಮೆಲೇ ಕೈಕೊಡುತ್ತೆ. ಕೆನಡಾ, ಅಮೆರಿಕದ ಹಿಮ ಬೀಳೋ ಊರುಗಳಲ್ಲಿರೋರಿಗೆ ಇದೇ ಸರಿ. ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲಿ ಆಲ್ಕಲೈನ್ ಸೆಲ್ ಮಂಕಾಗಿಬಿಡುತ್ತೆ, ಈ ಲಿಥಿಯಂ ಮೈನಸ್ 40 ಡಿಗ್ರಿವರೆಗೂ ತಡೆಯುತ್ತೆ. ಚಳಿಗಾಲದ ಬೆಳಿಗ್ಗೆ ‘ಕಡಿಮೆ’ ಅಂತ ಬಂದು ಮಧ್ಯಾಹ್ನ ಬಿಸಿಲಿಗೆ ಮಾಯವಾದ್ರೆ, ಗುರುತು ಕೆಟ್ಟಿದೆ ಅಂದುಕೋಬೇಡಿ. ಚಳಿಗೆ ವೋಲ್ಟೇಜ್ ಇಳಿದು ಮತ್ತೆ ಏರಿದೆ ಅಷ್ಟೇ. ಹಾಗಂತ ಅದನ್ನು ಪೂರ್ತಿ ಮರೀಬೇಡಿ, ಸೆಲ್ ಮುದಿಯಾಗ್ತಿದೆ ಅನ್ನೋ ಮೊದಲ ಸೂಚನೆಯೂ ಹೌದು.

ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗೋ ಕಾರ್ಬನ್-ಜಿಂಕ್ ಸೆಲ್: ಗೋಡೆ ಗಡಿಯಾರಕ್ಕೆ, ಟಿವಿ ರಿಮೋಟಿಗೆ ಸಾಕು. ಮಳೆಯಲ್ಲಿ ನಿಲ್ಲೋ ಸೆನ್ಸರಿಗೆ ಬೇಡ. ಸಾಮರ್ಥ್ಯ ಕಡಿಮೆ, ಸೋರಿ ಒಳಗಿನ ತಗಡು ಹಾಳುಮಾಡೋದು ಜಾಸ್ತಿ.

ಒಂದು ಎಚ್ಚರಿಕೆ. ನೋಡೋಕೆ ಪೆನ್ಸಿಲ್ ಸೆಲ್ ಥರವೇ ಇರೋ 3.7 ವೋಲ್ಟಿನ ಲಿಥಿಯಂ-ಅಯಾನ್ ಸೆಲ್‌ಗಳೂ ಮಾರುಕಟ್ಟೆಯಲ್ಲಿವೆ. 1.5 ವೋಲ್ಟಿನ ಜಾಗಕ್ಕೆ ಅದನ್ನು ಹಾಕಿದ್ರೆ ಸೆನ್ಸರ್ ಸುಟ್ಟೇ ಹೋಗಬಹುದು. ಹೊಸದು-ಹಳೇದು, ಎರಡು ಜಾತಿ ಸೆಲ್ ಬೆರೆಸಿ ಹಾಕೋದೂ ಬೇಡ.

ಇನ್ನು ‘ಸೋಲಾರ್ ಇದೆ, ಸೆಲ್ ಬದಲಾಯಿಸೋದೇ ಬೇಡ’ ಅನ್ನೋ ನಂಬಿಕೆ. ಹಲವು ಸೆನ್ಸರ್‌ಗಳಲ್ಲಿ ಆ ಪುಟ್ಟ ಸೋಲಾರ್ ಫಲಕ ನೀವು ಹಾಕಿದ ಸೆಲ್ಲನ್ನು ಚಾರ್ಜ್ ಮಾಡೋದೇ ಇಲ್ಲ. ಒಳಗಿರೋ ಒಂದು ಕೆಪಾಸಿಟರ್ ತುಂಬಿಸುತ್ತೆ. ಬಿಸಿಲಿದ್ದಾಗ ಸೆಲ್ ಮೇಲಿನ ಹೊರೆ ಇಳಿಯುತ್ತೆ, ಅಷ್ಟೇ. ವಾರಗಟ್ಟಲೆ ಸೂರ್ಯನ ಮುಖ ಕಾಣದ ಮಲೆನಾಡಿನ ಮಳೆಗಾಲದಲ್ಲಿ ಪೂರ್ತಿ ಹೊರೆ ಮತ್ತೆ ಸೆಲ್ ಮೇಲೇ. ಮಳೆ ಅಳೆಯೋದು ಅತ್ಯಂತ ಮುಖ್ಯವಾದ ತಿಂಗಳುಗಳಲ್ಲೇ ಸೆಲ್ ಬೇಗ ಸವೆಯುತ್ತೆ ಅಂತಾಯ್ತು.

ಪರದೆಯಲ್ಲಿ ಬರೀ ಅಡ್ಡಗೆರೆ ಬಂದ್ರೆ?

ಅಂಕಿಗಳ ಜಾಗದಲ್ಲಿ ‘– –’ ಬಂದ್ರೆ ಕಾರಣ ಸೆಲ್ ಇರಬಹುದು, ರೇಡಿಯೋ ಸಿಗ್ನಲ್ ತಪ್ಪಿದ್ದೂ ಇರಬಹುದು. ಗೊತ್ತು ಮಾಡಿಕೊಳ್ಳೋಕೆ ಸುಲಭದ ದಾರಿ: ಪರದೆಯನ್ನೇ ಎತ್ತಿಕೊಂಡು ಸೆನ್ಸರ್ ಇರೋ ಕಡೆಯ ಕಿಟಕಿಯ ಹತ್ತಿರ ಒಂದಷ್ಟು ಹೊತ್ತು ಇಡಿ. ಅಂಕಿ ಮರಳಿ ಬಂದ್ರೆ ಸಿಗ್ನಲ್ ಸಮಸ್ಯೆ. ಬರದಿದ್ರೆ ಸೆಲ್ ಮೇಲೆ ಅನುಮಾನ. ಪರದೆ ಎತ್ತೋಕೆ ಏಣಿ ಬೇಡವಲ್ಲ, ಅದಕ್ಕೇ ಇದು ಮೊದಲು.

ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ಮಳೆ ಅಳೆಯೋ ಭಾಗದಲ್ಲಿ ಸೀಸಾ ಹಲಗೆಯಂಥ ಪುಟ್ಟ ಬಟ್ಟಲು ಇರುತ್ತೆ, ತುಂಬಿದಾಗೆಲ್ಲ ಮಗುಚುತ್ತೆ. ಒಂದು ಮಗುಚಿಗೆ ಸುಮಾರು 0.2ರಿಂದ 0.3 ಮಿಲಿಮೀಟರ್ ಮಳೆ. ನಮ್ಮದರಂಥ ಸೆನ್ಸರ್ ಕಳಿಸೋದು ಅವತ್ತಿನವರೆಗಿನ ಒಟ್ಟು ಎಣಿಕೆ. ಹಾಗಾಗಿ ಸಿಗ್ನಲ್ ಒಂದೆರಡು ಗಂಟೆ ತಪ್ಪಿದ್ರೂ ಮರಳಿ ಬಂದಾಗ ಮಳೆ ಲೆಕ್ಕ ಕೂಡಿಕೊಳ್ಳುತ್ತೆ. ಸೆಲ್ ಸತ್ತರೆ ಎಣಿಸೋರೇ ಇಲ್ಲ. ಬಟ್ಟಲು ಮಗುಚ್ತಾನೇ ಇರುತ್ತೆ, ಲೆಕ್ಕ ಮಾತ್ರ ಶಾಶ್ವತವಾಗಿ ಹೋಗುತ್ತೆ.

ಫೋನಲ್ಲಿ ನೋಡೋರು ಇನ್ನೊಂದು ಗಮನಿಸಿ: ಅಂಕಿಯ ಜೊತೆ ಕೊನೇ ಸಲ ಡೇಟಾ ಬಂದ ಸಮಯವನ್ನೂ ನೋಡಿ. ಚಪ್ಪಟೆ ಗೆರೆ ಅಂದ್ರೆ ಮಳೆ ನಿಂತಿದೆ ಅಂತಲೇ ಅಲ್ಲ.

ಅಮ್ಮನ ಕ್ಯಾಲೆಂಡರ್

ಪರಿಹಾರ ಹೊಳೆದಿದ್ದು ನನಗಲ್ಲ, ಅಮ್ಮನಿಗೆ. ನಾನು ಟ್ಯಾಂಕು-ಸಿಲಿಂಡರ್ ಹೋಲಿಕೆ ಕೊಟ್ಟು ವಿವರಿಸ್ತಿದ್ದೆ. ಅಮ್ಮ ಕೇಳಿದರು, “ಸಿಲಿಂಡರ್ ಮುಗಿಯೋದು ನಂಗೆ ಹೇಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೀಯ? ಉರಿ ನೋಡಿಕೊಂಡಾ?” ಅಡುಗೆಮನೆ ಗೋಡೆಯ ಕ್ಯಾಲೆಂಡರ್ ತೋರಿಸಿದರು. ಸಿಲಿಂಡರ್ ಹಚ್ಚಿದ ದಿನಕ್ಕೆಲ್ಲ ಪೆನ್ನಲ್ಲಿ ಒಂದೊಂದು ಸುತ್ತು.

ಲೆಕ್ಕ ಹಾಕಿ ನೋಡಿದೆ. ನಮ್ಮ ಸೆನ್ಸರ್ 16 ಸೆಕೆಂಡಿಗೊಮ್ಮೆ ಸಂದೇಶ ಕಳಿಸುತ್ತೆ, ದಿನಕ್ಕೆ 5,400 ಸಲ. ಸರಾಸರಿ 0.2 ಮಿಲಿಆಂಪ್ ಎಳೆಯುತ್ತೆ ಅಂತಿಟ್ಟುಕೊಂಡರೆ, 2,000 ಮಿಲಿಆಂಪ್-ಅವರ್ ಸೆಲ್ 10,000 ಗಂಟೆ ಬರುತ್ತೆ, ಅಂದ್ರೆ ಸುಮಾರು 416 ದಿನ. ವರ್ಷಕ್ಕೊಮ್ಮೆ ಬದಲಾಯಿಸಿದ್ರೆ ಸಾಕು. ಹಾಗಾದ್ರೆ ಯಾವಾಗ ಅನ್ನೋದನ್ನು ಬ್ಯಾಟರಿ ಗುರುತು ಯಾಕೆ ತೀರ್ಮಾನ ಮಾಡಬೇಕು? ನಾವೇ ಮಾಡಬಹುದಲ್ಲ!

ಈಗ ನಮ್ಮ ಮನೆಯ ಪದ್ಧತಿ ಇದು:

• ರೋಹಿಣಿ ಮಳೆ ಶುರುವಾಗೋ ಮೊದಲು, ಮೇ 20ರ ಆಸುಪಾಸು, ತಾರಸಿ ಒಣಗಿರೋವಾಗಲೇ ಸೆನ್ಸರಿಗೆ ಹೊಸ ಆಲ್ಕಲೈನ್ ಸೆಲ್. ಗುರುತು ಏನೇ ತೋರಿಸ್ತಿರಲಿ. ಹತ್ತೋದು ನಾನು ಅಥವಾ ಕೆಲಸಕ್ಕೆ ಬರೋ ಹುಡುಗ, ಅಪ್ಪಯ್ಯ ಅಲ್ಲ.

• ತೆಗೆದ ಸೆಲ್ ಬಿಸಾಡೋದಿಲ್ಲ. ಮಲ್ಟಿಮೀಟರಿನಲ್ಲಿ 1.3 ವೋಲ್ಟ್‌ಗಿಂತ ಮೇಲಿದ್ರೆ ಗೋಡೆ ಗಡಿಯಾರಕ್ಕೆ, ರಿಮೋಟಿಗೆ.

• ಸೆಲ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಒಂದು ಸುತ್ತು, ಸೆಲ್ ಮೇಲೂ ಮಾರ್ಕರ್‌ನಲ್ಲಿ ತಾರೀಕು.

• ಹಾಕೋವಾಗ ಒಳಗಿನ ತಗಡು, ಸ್ಪ್ರಿಂಗ್ ನೋಡೋದು. ಆಲ್ಕಲೈನ್ ಸೋರಿ ಬಿಳಿ ಪುಡಿ ಕಟ್ಟಿದ್ರೆ ಹತ್ತಿಗೆ ಒಂದು ಹನಿ ವಿನೆಗರ್ ಹಚ್ಚಿ ಒರೆಸಿ, ಚೆನ್ನಾಗಿ ಒಣಗಿಸೋದು. ತಗಡು ಹಾಳಾದ್ರೆ ಹೊಸ ಸೆಲ್ಲೂ ‘ಕಡಿಮೆ’ ಅಂತಲೇ ತೋರಿಸುತ್ತೆ.

• ಮಳೆಗಾಲದ ನಡುವೆ ‘ಬ್ಯಾಟರಿ ಕಡಿಮೆ’ ಅಂತ ಬಂದ್ರೆ ಅದೇ ದಿನ ಓಡೋದಿಲ್ಲ. ಆಲ್ಕಲೈನ್ ಸೆಲ್ ಆದ್ರೆ ಗಡಿ ದಾಟಿದ ಮೇಲೂ ಸಾಮಾನ್ಯವಾಗಿ ಕೆಲವು ದಿನ ಓಡುತ್ತೆ. ಮಳೆ ಹೊಳವಾಗೋವರೆಗೆ ಕಾಯೋದು.

ಮಲ್ಟಿಮೀಟರ್ ಇಲ್ಲದೋರು ಸೆಲ್ಲನ್ನು ಮೇಜಿನ ಮೇಲೆ ನೆಟ್ಟಗೆ ಬೀಳಿಸಿ, ಪುಟಿದ್ರೆ ಖಾಲಿ ಅಂತ ಹೇಳೋದನ್ನು ಯೂಟ್ಯೂಬ್‌ನಲ್ಲಿ ನೋಡಿರ್ತೀರಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು. ಆಲ್ಕಲೈನ್ ಸೆಲ್ ಅರ್ಧ ಖರ್ಚಾಗೋ ಹೊತ್ತಿಗೇ ಪೂರ್ತಿ ಪುಟಿಯೋಕೆ ಶುರು ಮಾಡುತ್ತೆ. ಪುಟಿದ್ರೆ ಸೆಲ್ ಹೊಸದಲ್ಲ ಅಂತ ಗೊತ್ತಾಗುತ್ತೆ ಅಷ್ಟೇ, ಖಾಲಿ ಅಂತ ಅಲ್ಲ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಒಂದು ಮನೇಲಿರಲಿ.

ಕೊನೆಯದಾಗಿ, ಹಳೇ ಮಳೆಮಾಪಕ ಅಟ್ಟದಿಂದ ಇಳಿದು ಬಂದಿದೆ. ಅದಕ್ಕೆ ಸೆಲ್ಲೂ ಬೇಡ, ಸಿಗ್ನಲ್ಲೂ ಬೇಡ, ಹತ್ತೋಕೆ ಏಣಿಯೂ ಬೇಡ. ಅಂಗಳದ ಅಂಚಿನಲ್ಲೇ ಇದೆ. ನೋಟ್‌ಬುಕ್‌ನಲ್ಲಿ ಈಗ ದಿನಕ್ಕೆ ಎರಡು ಅಂಕಿ: ಒಂದು ಮಾಪಕದ್ದು, ಒಂದು ಯಂತ್ರದ್ದು. ಎರಡೂ ಪೂರ್ತಿ ಒಂದೇ ಆಗೋದು ಕಡಿಮೆ, ಆದ್ರೆ ದೂರವೂ ಇರಲ್ಲ. ತೀರಾ ದೂರ ಆದ ದಿನ ಅಪ್ಪಯ್ಯ ನನಗೆ ಫೋನ್ ಮಾಡ್ತಾರೆ. “ನಿನ್ನ ಮಶಿನ್ ಏನೋ ಹೇಳ್ತಾ ಇದೆ, ನೋಡು.”

ನಾನು ನೋಡ್ತೀನಿ. ಈಗ ಮೊದಲು ಕೈಪಿಡಿಯ ಫೋಟೋ ತೆಗೀತೀನಿ, ಆಮೇಲೆ ಮಾತಾಡ್ತೀನಿ.